ಅರ್ಧಕ್ಕೆ ನಿಂತ ಕೌದಿ

ಆಯಿ ಸತ್ತಾಗ ಮನೆಯಲ್ಲಿ ಉಳಿದದ್ದು ಎರಡೇ. ಕಿರಾಣಿ ಅಂಗಡಿಯ ಉದ್ರಿ ಮತ್ತು ಅರ್ಧ ಹೊಲಿದ ಒಂದು ಕೌದಿ. ಉದ್ರಿಯನ್ನು ಅಪ್ಪ ಎರಡು ತಿಂಗಳು ಗೌಂಡಿ ಕೆಲಸ ಮಾಡಿ ತೀರಿಸಿದ. ಕೌದಿ ಹಾಗೇ ಉಳಿಯಿತು. ಸೂಜಿ ಅದರಲ್ಲಿ ಚುಚ್ಚಿದ ಹಾಗೇ ಇತ್ತು. ಸೂಜಿಯ ಕಣ್ಣಲ್ಲಿ ಇನ್ನೂ ಒಂದು ಮೊಳ ದಾರ ಇತ್ತು. ಕತ್ತಲಾಯಿತು, ಕಣ್ಣು ಕಾಣವಲ್ಲವು ಅಂತ ಆಯಿ ಸಂಜೆ ಸೂಜಿಯನ್ನು ಅಲ್ಲಿ ನಿಲ್ಲಿಸಿ ಎದ್ದವಳು ಮರುದಿನ ಮುಂಜಾನೆ ಏಳಲಿಲ್ಲ. 2024ರ ಜನವರಿಯ ಚಳಿ ಅದು.

ಕೌದಿ ಅಂದರೆ ಗೊತ್ತಿಲ್ಲದ ಗೆಳೆಯರೂ ಈ ಪತ್ರಿಕೆ ಓದುತ್ತಾರೆ. ಅವರಿಗಾಗಿ ಹೇಳುತ್ತೇನೆ. ಉಡಲು ಬಾರದಂತೆ ಸವೆದ ಸೀರೆ, ಧೋತರ, ಕುಬಸ, ಲಂಗ, ಅಂಗಿ ಎಲ್ಲವನ್ನೂ ಒಗೆದು, ಹರಿದು, ಪದರಿನ ಮೇಲೆ ಪದರು ಹಾಸಿ ಕೈಯಿಂದ ಹೊಲಿಯುವ ಹೊದಿಕೆ ಅದು. ಹಾಸಲೂ ಅದೇ, ಹೊದೆಯಲೂ ಅದೇ. ಮಹಾರಾಷ್ಟ್ರದಲ್ಲಿ ಗೋಧಡಿ ಅನ್ನುತ್ತಾರೆ. ನಮ್ಮಲ್ಲಿ ಕೆಳಗೊಂದು ಸೀರೆ, ಮೇಲೊಂದು ಸೀರೆ, ನಡುವೆ ಕೈಗೆ ಸಿಕ್ಕ ಹರಕು. ನಾಲ್ಕು ಮೂಲೆಗೆ ಕಲ್ಲು ಹೇರಿ, ಅಂಚು ಹಿಡಿದು, ಅಂಚಿನಿಂದ ಒಳಗೆ ಒಳಗೆ ಸಾಲು ಹಾಕುತ್ತ ಬರಬೇಕು. ಹೊಲಕ್ಕೆ ಕೂಲಿಗೆ ಹೋಗಿ ಬಂದು, ರೊಟ್ಟಿ ಬಡಿದು, ಉಳಿದ ಹೊತ್ತಿನಲ್ಲಿ ಹೊಲಿಯುವ ಹೆಂಗಸಿಗೆ ಒಂದು ಕೌದಿ ಮುಗಿಸಲು ತಿಂಗಳುಗಳೇ ಬೇಕು. ಕಡೆಗೆ ನಡುವೆ ಒಂದು ಗೇಣು ಉಳಿಯುತ್ತದೆ. ಅದನ್ನು ಆಯಿ ಕೌದಿಯ ಹೊಟ್ಟೆ ಅನ್ನುತ್ತಿದ್ದಳು. ಅಲ್ಲಿ ಐದು ಕಾಳು ಜೋಳ ಇಟ್ಟು ಮುಚ್ಚುತ್ತಿದ್ದಳು. "ಹಸದ ಹೊಟ್ಟಿ ಮ್ಯಾಲ ಹೊಲಗಿ ಹಾಕಬಾರದು" ಅನ್ನುವುದು ಆಕೆಯ ಮಾತು. ಹಸಿದ ಹೊಟ್ಟೆಯಲ್ಲಿ ಮಲಗಿದವಳಿಗೆ ಮಾತ್ರ ಹೊಳೆಯುವ ಮಾತು ಅದು ಅಂತ ನನಗೆ ಅನಿಸುತ್ತದೆ.

ಆಯಿ ಬಿಟ್ಟುಹೋದ ಕೌದಿಯ ಅಂಚೆಲ್ಲ ಮುಗಿದಿತ್ತು. ನಡುವೆ ಮೂರು ಮೊಳದಷ್ಟು ಬಯಲು ಬಾಕಿ ಇತ್ತು.

ಆಯಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಆ ಕೌದಿಯನ್ನು ನಾನು ಓದಬಲ್ಲೆ. ಮೂಲೆಯ ಹಸಿರು ತ್ಯಾಪೆ ಅವ್ವನ ಮದುವೆ ಸೀರೆ. ಬಿಳಿಯದು ಅಪ್ಪನ ಶಾಲೆಯ ಅಂಗಿ. ಅಪ್ಪ ಆರನೆಯ ಇಯತ್ತೆಗೇ ಶಾಲೆ ಬಿಟ್ಟ, ಅಂಗಿ ಇಷ್ಟು ವರ್ಷ ಗಂಟಿನಲ್ಲಿ ಕೂತಿತ್ತು. ಆಕಾಶನೀಲಿ ನನ್ನ ಕಾಲೇಜಿನ ದುಪಟ್ಟಾ. ಅದರ ಪಕ್ಕದಲ್ಲಿ ಇಳಕಲ್ಲ ಸೀರೆಯ ದೊಡ್ಡ ತುಂಡು ಇದೆ, ಕೆಂಪು ದಡಿಯದು. ಅದು ನಮ್ಮ ಮನೆಯದಲ್ಲ. ಆಯಿ ಮೂವತ್ತು ವರ್ಷ ಕಸ ಬಳಿದ ವಾಡೆಯ ಹಿರಿಯ ಅಮ್ಮ ತೀರಿಕೊಂಡಾಗ, ಆಕೆಯ ಸೀರೆ ಉಡಲು ಮನೆಯವರು ಯಾರೂ ಒಪ್ಪಲಿಲ್ಲ. ಹಿತ್ತಲ ಬಾಗಿಲಲ್ಲಿ ಆಯಿಯನ್ನು ನಿಲ್ಲಿಸಿ ಮೇಲಿನಿಂದ ಎಸೆದರು. ಆಯಿ ಸೆರಗೊಡ್ಡಿ ಹಿಡಿದಳು. ಆ ಸೀರೆಯನ್ನು ಆಕೆ ಒಂದು ದಿನವೂ ಉಡಲಿಲ್ಲ. ಯಾಕೆ ಅಂತ ನಾನು ಕೇಳಿದ್ದೆ. "ಅದು ನನಗ ಕೊಟ್ಟದ್ದಲ್ಲ ಬೇ, ತಾವು ಬಿಟ್ಟದ್ದು" ಅಂದಿದ್ದಳು.

ಬಿ.ಎ. ಓದುವಾಗ ಗ್ರಂಥಾಲಯದಲ್ಲಿ ಮನುಸ್ಮೃತಿ ತೆಗೆದು ನೋಡಿದೆ. ಹತ್ತನೆಯ ಅಧ್ಯಾಯದಲ್ಲಿ ಚಂಡಾಲರು ಏನು ಉಡಬೇಕು ಅಂತ ಬರೆದಿದೆ. ಹೆಣದ ಮೇಲಿನ ಬಟ್ಟೆ ಉಡಬೇಕು, ಒಡೆದ ಮಡಕೆಯಲ್ಲಿ ಉಣ್ಣಬೇಕು, ಕಬ್ಬಿಣದ ಒಡವೆ ಇಡಬೇಕು. ಓದಿ ನಾನು ಬೆಚ್ಚಲಿಲ್ಲ. ನನಗೆ ನೆನಪಾದದ್ದು ಕೆಂಪು ದಡಿ. ವಾಡೆಯವರು ಆ ಪುಸ್ತಕ ಓದಿದವರಲ್ಲ, ಹಿತ್ತಲ ಬಾಗಿಲು ಅವರಿಗೆ ಎಲ್ಲ ಕಲಿಸಿತ್ತು. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಆ ಪುಸ್ತಕವನ್ನು ಸುಟ್ಟರಲ್ಲ, ಅದೇ ಸಮ್ಮೇಳನದ ದಿನಗಳಲ್ಲಿ ಬಾಬಾಸಾಹೇಬರು ಹೆಂಗಸರನ್ನು ಕೂರಿಸಿಕೊಂಡು ಸೀರೆಯ ಮಾತಾಡಿದರು. ನೋಡಿದ ಕೂಡಲೇ ಅಸ್ಪೃಶ್ಯರು ಎಂದು ಗುರುತು ಹಿಡಿಯುವಂಥ ಉಡಿಗೆ ಬಿಡಿರಿ ಅಂದರು. ದೊಡ್ಡ ಹೋರಾಟದ ನಡುವೆ ಸೀರೆಯ ಮಾತು ಯಾಕೆ ಅಂತ ಕೆಲವರಿಗೆ ಅನಿಸಬಹುದು. ಎಸೆದ ಸೀರೆ ಹಿಡಿದವಳ ಮೊಮ್ಮಗಳಿಗೆ ಅನಿಸುವುದಿಲ್ಲ.

ಕೌದಿಯಲ್ಲಿ ಇನ್ನೂ ಹಲವು ತುಂಡುಗಳಿವೆ. ನೈಲಾನು, ಟೆರಿಕಾಟು, ಜೀನ್ಸು. ಅವು 2019ರವು.

ಆ ವರ್ಷ ಆಗಸ್ಟಿನಲ್ಲಿ ಮಲಪ್ರಭೆ ಬಂತು. ನವಿಲುತೀರ್ಥದ ಡ್ಯಾಮು ತುಂಬಿ ನೀರು ಬಿಟ್ಟರು. ನಮ್ಮೂರಲ್ಲಿ ಮೊದಲು ಮುಳುಗುವುದು ನಮ್ಮ ಕೇರಿ, ಯಾಕೆಂದರೆ ತಗ್ಗು ಇರುವಲ್ಲಿಯೇ ಕೇರಿ ಇಟ್ಟಿದ್ದಾರೆ. ಮಣ್ಣಿನ ಗೋಡೆ ಕೂತವು. ನಾವು ಶಾಲೆಯ ಖೋಲಿಗಳಲ್ಲಿ ಇದ್ದೆವು. ಪಟ್ಟಣಗಳಿಂದ ಲಾರಿಗಳು ಬಂದವು. ಸುಳ್ಳು ಹೇಳಬಾರದು, ಅಕ್ಕಿ ತಂದವರಿದ್ದರು, ನೀರು ತಂದವರಿದ್ದರು, ರಾತ್ರಿ ಎದೆಮಟ್ಟ ನೀರಿನಲ್ಲಿ ಮುದುಕರನ್ನು ಹೊತ್ತು ತಂದ ಹುಡುಗರಿದ್ದರು. ಅವರ ಋಣ ದೊಡ್ಡದು. ಆದರೆ ಬಟ್ಟೆಯ ಗಂಟುಗಳೂ ಬಂದವು. ಲಾರಿಯ ಮೇಲೆ ನಿಂತು ಎಸೆದರು. ಜಿಪ್ ಹೋದ ಪ್ಯಾಂಟು, ಕಂಕುಳು ಹರಿದ ಅಂಗಿ, ಇಸ್ತ್ರಿ ಸುಟ್ಟ ಸೀರೆ, ಮದುವೆಯ ಒಂದು ಕೋಟು, ಕೊಳೆಯಾದ ಒಳ ಉಡುಪು. ಮನೆ ಕಳೆದುಕೊಂಡವರಿಗೆ ಇಂಥದ್ದನ್ನು ಕಳಿಸಲು ಮನುಷ್ಯನಿಗೆ ಮನಸ್ಸು ಹೇಗೆ ಬರುತ್ತದೆ? ಅವರು ಕೊಟ್ಟದ್ದಲ್ಲ ಅದು, ಆಯಿ ಹೇಳಿದ ಹಾಗೆ, ಬಿಟ್ಟದ್ದು. ನಮ್ಮ ಪ್ರವಾಹ ಅವರ ಕಪಾಟು ಸ್ವಚ್ಛ ಮಾಡಿತು.

ಬೇಕಾದದ್ದನ್ನು ಜನ ಆರಿಸಿಕೊಂಡ ಮೇಲೆ ಶಾಲೆಯ ಬಯಲಲ್ಲಿ ಆ ರಾಶಿ ಮಳೆಗೆ ಕೊಳೆಯುತ್ತ ಬಿತ್ತು. ಆಯಿ ಅದನ್ನು ಹೊತ್ತು ತಂದಳು. ಸೋಡಾ ಹಾಕಿ ಕುದಿಸಿದಳು. ನಮ್ಮ ಮನೆ ಮುಳುಗಿಸಿದ ಹೊಳೆಯಲ್ಲೇ ಒಗೆದಳು. ಮುಂದಿನ ನಾಲ್ಕು ವರ್ಷ ಆಕೆ ಹೊಲಿದದ್ದು ಇದೇ ಬಟ್ಟೆ. ಒಂದೊಂದೇ ಕೌದಿ ಮುಗಿಸಿ ಕೊಟ್ಟಳು. ಹಡೆದವಳಿಗೆ ಒಂದು. ಕ್ಷಯ ಹತ್ತಿದ ಮುದುಕನಿಗೆ ಒಂದು. ಮೇಲಿನ ಓಣಿಯಲ್ಲಿ ಮಕ್ಕಳು ಬಿಟ್ಟುಹೋದ ಒಬ್ಬ ಮುದುಕಿ ಚಳಿಯಲ್ಲಿ ನಡುಗುತ್ತಾಳೆ ಅಂತ ಕೇಳಿ ಆಕೆಗೂ ಒಂದು ಒಯ್ದಳು. ಆಕೆ ಕತ್ತಲಾದ ಮೇಲೆ, ಹಿತ್ತಲ ಬಾಗಿಲಲ್ಲಿ ಇಸಕೊಂಡಳು. ಆಯಿ ಎಸೆಯಲಿಲ್ಲ. ಕೈಯಲ್ಲಿ ಕೊಟ್ಟಳು. ಆಕೆ ಕೈಯಲ್ಲೇ ತಗೊಂಡಳು. ಈ ಸುದ್ದಿಯನ್ನು ಆಯಿ ನಗುತ್ತ ಹೇಳಿದ್ದಳು. "ಥಂಡಿಗೆ ಜಾತಿ ಗೊತ್ತಾಗಂಗಿಲ್ಲ ಬೇ, ಹಿತ್ತಲ ಬಾಗಲಕ್ಕ ಅಷ್ಟ ಗೊತ್ತಾಗತೈತಿ."

ಈ ಕಡೆಯ ಕೌದಿ ಯಾರಿಗೆ ಅಂತ ಅವ್ವ ಕೇಳಿದ್ದಳಂತೆ. "ಥಂಡಿ ಹತ್ತಿದವರಿಗೆ" ಅಂದಿದ್ದಳಂತೆ. ಹೆಸರು ಹೇಳಿರಲಿಲ್ಲ.

ಈಗ ನನ್ನ ನಾಚಿಕೆ ಹೇಳಬೇಕು. ನನಗೆ ಸೂಜಿ ಹಿಡಿಯಲು ಬರುತ್ತಿರಲಿಲ್ಲ. ಅವ್ವ ಕಲಿಸಲಿಲ್ಲ. ಸಣ್ಣವಳಿದ್ದಾಗ ಆಯಿಯ ಪಕ್ಕ ಕೂತು ಸೂಜಿ ಮುಟ್ಟಿದರೆ ಅವ್ವ ಕೈ ಮೇಲೆ ಹೊಡೆಯುತ್ತಿದ್ದಳು. "ಸೂಜಿ ಹಿಡದ ಕೈ ಕಂಡೋರ ಹರಕ ಹೊಲಕೋಂತ ಕುಂದರತಾವು. ನೀ ಪೆನ್ನ ಹಿಡಿ." ನಾನು ಪೆನ್ನು ಹಿಡಿದೆ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಕವಿತೆ ಬರೆದೆ. ಕವಿತೆಯಲ್ಲಿ ಆಯಿಯ ಹರಿದ ಸೀರೆ ಬಂತು, ಚಪ್ಪಾಳೆಯೂ ಬಂತು. ಆದರೆ ಆಯಿಯ ಅರ್ಧ ಕೌದಿ ಮುಂದೆ ಇಟ್ಟುಕೊಂಡಾಗ ನಾನು ಅನಕ್ಷರಸ್ಥೆ. ಸತ್ತವಳ ಸೂಜಿ ಮುಟ್ಟಲು ಅವ್ವನಿಗೂ ಧೈರ್ಯ ಬರಲಿಲ್ಲ. ಹತ್ತು ತಿಂಗಳು ಅದು ಅಟ್ಟದ ಮೇಲೆ ಇತ್ತು.

ನವೆಂಬರದಲ್ಲಿ ಪಟ್ಟಣದ ಒಂದು ಮಹಿಳಾ ಮಂಡಳದ ಸುದ್ದಿ ಕಿವಿಗೆ ಬಿತ್ತು. ಹೆಸರು ಬೇಡ. ಮನೆಗಳಲ್ಲಿ ಅರ್ಧಕ್ಕೆ ಬಿಟ್ಟ ಕೌದಿ ಇದ್ದರೆ ತಂದು ಕೊಡಿರಿ, ನಮ್ಮ ಸದಸ್ಯರು ಮುಗಿಸಿ ಬಡವರಿಗೆ ಹಂಚುತ್ತಾರೆ ಎಂದು ಅವರ ಕರೆ. ನನಗೆ ಕುಷಿಯಾಯಿತು. ಹೊಲಿಯಲು ಬರುವವರ ಕೈಗೆ ಹೋಗಲಿ, ಥಂಡಿ ಹತ್ತಿದವರಿಗೆ ಮುಟ್ಟಲಿ, ಆಯಿಯ ಮಾತು ಉಳಿಯಲಿ ಅಂದುಕೊಂಡೆ. ಕೌದಿಯನ್ನು ಚೀಲದಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದೆ.

ಒಳ್ಳೆಯ ಮಂದಿ. ಕುರ್ಚಿ ಕೊಟ್ಟರು. ಚಹಾ ಕೊಟ್ಟರು. ಒಬ್ಬ ಹಿರಿಯ ಬಾಯಿ ಕೌದಿ ಬಿಚ್ಚಿ ನೋಡಿ, ಹೊಲಿಗೆಯ ಮೇಲೆ ಕೈಯಾಡಿಸಿ, "ಭಾಳ ಛಂದ ಅದ. ಯಾರು ಹೊಲದದ್ದು?" ಅಂದರು. ನಮ್ಮ ಆಯಿ ಅಂದೆ. ಒಂದು ದೊಡ್ಡ ವಹಿ ಇತ್ತು. ಅದರಲ್ಲಿ ಎರಡು ಕಾಲಂ. ಕೊಟ್ಟವರು, ತಗೊಂಡವರು. ಕೊಟ್ಟವರ ಕಾಲಮ್ಮಿನಲ್ಲಿ ನನ್ನ ಹೆಸರು ಬರೆಯಲು ಪೆನ್ನು ತೆರೆದರು. ಊರು ಕೇಳಿದರು. ಹೇಳಿದೆ. "ಅಲ್ಲೆ ಯಾವ ಓಣಿ?" ಅಂದರು. ಅದನ್ನೂ ಹೇಳಿದೆ. ದನಿ ತಗ್ಗಿಸದೆ ಹೇಳಿದೆ.

ಕೌದಿಯ ಮೇಲಿದ್ದ ಅವರ ಕೈ ಹಿಂದೆ ಹೋಯಿತು. ಮುಖದಲ್ಲಿ ಸಿಟ್ಟಿಲ್ಲ, ಹೇಸಿಗೆಯೂ ಕಾಣಲಿಲ್ಲ. ಕರುಣೆ ಇತ್ತು. "ಅಯ್ಯ ತಂಗಿ, ನೀವ್ಯಾಕ ಕೊಡಲಿಕ್ಕೆ ಬಂದ್ರಿ? ಇವು ನಿಮ್ಮಂಥವರಿಗೇ ಕೊಡೋವು. ಇದನ್ನ ನೀವೇ ಇಟ್ಕೋರಿ. ಇನ್ನೊಂದು ಮುಗದದ್ದು ಅದ, ಅದನ್ನೂ ಒಯ್ರಿ." ಪೆನ್ನು ಆ ಕಾಲಮ್ಮಿನಿಂದ ಎದ್ದು ಈ ಕಾಲಮ್ಮಿಗೆ ಬಂತು.

ಗೆಳೆಯರೇ, ಬೈಗುಳ ನನಗೆ ಗೊತ್ತು. ಬೈದವರಿಗೆ ತಿರುಗಿ ಬೈಯಲು ಬರುತ್ತದೆ. ಚಹಾ ಕೊಟ್ಟು, ತಂಗಿ ಅಂದು, ಒಂದು ಕಾಲಮ್ಮಿನಿಂದ ಇನ್ನೊಂದಕ್ಕೆ ಎತ್ತಿ ಇಟ್ಟವರಿಗೆ ಏನು ಅನ್ನಬೇಕು? ನಾನು ಅಂದದ್ದು ಇಷ್ಟು: "ಹೆಸರು ಬರೀಬ್ಯಾಡ್ರಿ." ಅವರ ಕೌದಿ ಅಲ್ಲೇ ಬಿಟ್ಟೆ, ನಮ್ಮದನ್ನು ಮಡಚಿಕೊಂಡು ಬಂದೆ.

ಬಸ್ಸಿನಲ್ಲಿ ಎರಡು ತಾಸು ಅದನ್ನೇ ಯೋಚಿಸಿದೆ. ನಮ್ಮಿಂದ ಅವರು ತಗೊಳ್ಳುವುದೇ ಇಲ್ಲ ಅಂತಲ್ಲ. ನಮ್ಮ ದುಡಿಮೆ ತಗೊಂಡಿದ್ದಾರೆ, ನಾವು ಮಾಡಿದ ಕಣದ ಜೋಳ ತಗೊಂಡಿದ್ದಾರೆ, ನಮ್ಮ ಮೆಟ್ಟು, ನಮ್ಮ ಹಲಿಗೆ, ನಮ್ಮ ಬೆವರು ಎಲ್ಲ ತಗೊಂಡಿದ್ದಾರೆ. ಅದು ಯಾವ ವಹಿಯಲ್ಲೂ ಕೊಟ್ಟವರ ಕಾಲಮ್ಮಿಗೆ ಬಂದಿಲ್ಲ. ನಾವು ಕೊಟ್ಟದ್ದಕ್ಕೆ ಬಿಟ್ಟಿ ಅನ್ನುತ್ತಾರೆ, ಅವರು ಬಿಟ್ಟದ್ದಕ್ಕೆ ದಾನ ಅನ್ನುತ್ತಾರೆ. ದಾನ ಮಾಡುವ ಮನುಷ್ಯನ ಕೈ ಮೇಲೆ ಇರುತ್ತದೆ. ಆ ಮೇಲಿನ ಜಾಗವನ್ನು ಅವರು ಭೂಮಿಯ ಹಾಗೆಯೇ ಖಾತೆ ಮಾಡಿಸಿಕೊಂಡಿದ್ದಾರೆ.

ರಾತ್ರಿ ಕವಿತೆ ಬರೆಯಲು ಕೂತೆ. ಬೆಂಕಿ ಬಂತು, ಕತ್ತಿ ಬಂತು, ಹೊಟ್ಟೆ ಬಾಕಿ ಇದ್ದ ಕೌದಿ ಬರಲಿಲ್ಲ. ಹರಿದು ಒಗೆದೆ. ಅವ್ವ ಎದ್ದು ಬಂದು ಏನಾತು ಅಂದಳು. ಹೇಳಿದೆ. ಆಕೆಗೆ ಅಳು ಬರಲಿಲ್ಲ. ಚಿಮಣಿ ಹಚ್ಚಿದಂತೆ ಮುಖ ಮಾಡಿಕೊಂಡು, "ಸೂಜಿ ತಾ" ಅಂದಳು.

ಮರುದಿನ ಸಂಜೆ ಕೇರಿಯ ಹೆಂಗಸರು ನಮ್ಮ ಕಟ್ಟೆಯ ಮೇಲೆ ಸೇರಿದರು. ಅಲ್ಲೊಂದು ಜಗಳ ಆಯಿತು. ಅದನ್ನು ಮುಚ್ಚಿಡಬಾರದು. ಚಿಗವ್ವ ಅಂದಳು: "ದಾನಾ ಮಾಡಾಕ ನಾವೇನ್ ಗೌಡರೇನ ಬೇ ಯಕ್ಕಾ? ಸಂಘದ ಕಂತು ಮಂಗಳವಾರ ಬರತೈತಿ. ಇದನ್ನ ಮುಗಿಸಿ ಮಾರಿದ್ರ ಒಂದ್ ಕಂತರ ಹರೀತೈತಿ." ಚಿಗವ್ವನ ಮಾತು ಸುಳ್ಳಲ್ಲ. ಗಂಡ ಗೋವೆಗೆ ದುಡಿಯಲು ಹೋಗಿದ್ದಾನೆ, ಎರಡು ಮಕ್ಕಳು, ಮೂರು ಸಂಘದ ಸಾಲ. ಸ್ವಾಭಿಮಾನದ ಮಾತಾಡಿದ ನನಗೆ ಕಂತು ಕಟ್ಟುವ ಕಷ್ಟ ಇಲ್ಲ. ನಾನು ಬಾಯಿ ಮುಚ್ಚಿಕೊಂಡೆ.

ಅವ್ವ ಹೇಳಿದಳು: "ಇದು ಅತ್ತೀದು. ಅತ್ತಿ ಕೊಡಾಕಂತ ಹಾಸಿದ್ಲು. ಇದೊಂದನ್ನ ಕೊಡೂಣು. ಮುಂದಿಂದು ನಮ್ಮದು, ಮಾರೂಣು. ರೇಟು ನಾವ ಹೇಳೂಣು." ಚಿಗವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಮೊದಲನೇ ಸಾಲು ನಾ ಹಾಕತೀನಿ" ಅಂದಳು.

ಅವ್ವನ ಈ ತೀರ್ಮಾನ ಕೇಳಿದಾಗ ನನಗೆ ಇನ್ನೊಂದು ಹೊಳೆಯ ದಂಡೆ ನೆನಪಾಯಿತು. ಅಮೆರಿಕೆಯ ಅಲಬಾಮಾದಲ್ಲಿ ನದಿಯ ತಿರುವಿನ ಒಳಗೆ ಜೀಸ್ ಬೆಂಡ್ ಅಂತ ಒಂದು ಊರಿದೆ. ಗುಲಾಮರಾಗಿದ್ದ ಕರಿಯ ಜನರ ಮಕ್ಕಳು ಮೊಮ್ಮಕ್ಕಳ ಊರು. ಅಲ್ಲಿಯ ಹೆಂಗಸರೂ ಹೊಲದಲ್ಲಿ ಸವೆದ ಪ್ಯಾಂಟು ಅಂಗಿ ಹರಿದು ಕೌದಿಯಂಥದ್ದನ್ನೇ ಹೊಲಿದವರು. 1962ರಲ್ಲಿ ಅವರು ನದಿ ದಾಟಿ ಪಟ್ಟಣಕ್ಕೆ ಹೋಗುವ ದೋಣಿಯನ್ನೇ ನಿಲ್ಲಿಸಿದರು. ದಾಟಿ ಹೋದರೆ ಮತದಾರರ ಪಟ್ಟಿಯಲ್ಲಿ ಹೆಸರು ಬರೆಸುತ್ತಾರೆ ಎಂಬ ಭಯ. ದೋಣಿ ಮತ್ತೆ ಶುರುವಾದದ್ದು 2006ರಲ್ಲಿ. 1965ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಆ ಊರಿಗೆ ಬಂದು ಮಾತಾಡಿದರು. ಮತ ಕೇಳಿದ್ದಕ್ಕೆ ಆ ಸೀಮೆಯಲ್ಲಿ ಕೆಲಸ ಕಳೆದುಕೊಂಡವರು, ಇದ್ದ ಮನೆ ಬಿಡಬೇಕಾದವರು ಇದ್ದರು. 1966ರಲ್ಲಿ ಆ ಹೆಂಗಸರು ಕೂಡಿ ಫ್ರೀಡಮ್ ಕ್ವಿಲ್ಟಿಂಗ್ ಬೀ ಎಂಬ ಸಹಕಾರ ಸಂಘ ಕಟ್ಟಿದರು. ಹೆಸರಿನಲ್ಲೇ ಬಿಡುಗಡೆ ಇದೆ. ಹೊಲಿದರು, ನ್ಯೂಯಾರ್ಕಿಗೆ ಮಾರಿದರು, ದುಡ್ಡು ತಂದರು. ಹೊದಿಸುವುದೂ ಅವರಿಗೆ ಗೊತ್ತಿತ್ತು, ಬೆಲೆ ಹೇಳುವುದೂ ಗೊತ್ತಿತ್ತು. ಅವ್ವನಿಗೆ ಅಲಬಾಮಾ ಗೊತ್ತಿಲ್ಲ. ಆದರೂ ಎರಡೂ ಗೊತ್ತಿದೆ.

ನಮ್ಮ ಕೌದಿ ಮನೆಯಿಂದ ಮನೆಗೆ ನಡೆಯಿತು. ಇವತ್ತು ಒಬ್ಬರ ಮನೆಯಲ್ಲಿ ಎರಡು ಸಾಲು, ನಾಳೆ ಇನ್ನೊಬ್ಬರ ಮನೆಯಲ್ಲಿ. ಮೊದಲು ಸೂಜಿ ಮುಟ್ಟಲು ಹಿಂಜರಿದವರೂ, ಚಿಗವ್ವ ಹಾಕಿದ ಸಾಲು ನೋಡಿ, "ನಂದೂ ಒಂದಿರಲಿ" ಅಂತ ಇಸಕೊಂಡರು. ಈಗ ನೋಡಿದರೆ ಗೊತ್ತಾಗುತ್ತದೆ, ಎಲ್ಲಿ ಆಯಿಯ ಕೈ ನಿಂತಿತು, ಎಲ್ಲಿ ಚಿಗವ್ವನ ಕೈ ಶುರುವಾಯಿತು. ಆಯಿಯದು ಜೋಳದ ಕಾಳಿನಷ್ಟು ಸಣ್ಣ ಹೊಲಿಗೆ. ಚಿಗವ್ವನದು ಅವಸರದ ಉದ್ದ ಹೊಲಿಗೆ. ಅವ್ವನದು ಬಿಗಿ. ಸೀರೆ ಬೇರೆ, ಕೈ ಬೇರೆ, ದಾರ ಮಾತ್ರ ಒಂದೇ ಉಂಡಿಯದು.

ಕಡೆಗೆ ಹೊಟ್ಟೆ ಉಳಿಯಿತು. ಅವ್ವ ಸೂಜಿಯನ್ನು ನನ್ನ ಕಡೆ ಚಾಚಿದಳು. "ಕಂಡೋರ ಹರಕ ಅಲ್ಲಿದು. ಹಿಡಿ." ಐದು ಕಾಳು ಜೋಳ ಇಟ್ಟೆ. ಎಂಟು ಸಲ ಬೆರಳಿಗೆ ಚುಚ್ಚಿಕೊಂಡು ಮುಚ್ಚಿದೆ. ನನ್ನ ಸಾಲು ಸೊಟ್ಟ. ಬಿಚ್ಚಿ ಮತ್ತೆ ಹಾಕಲೇನು ಅಂದೆ. ಹೆಂಗಸರೆಲ್ಲ ನಕ್ಕರು. "ಇರಲಿ ಬಿಡು, ಬಿ.ಎ. ಪಾಸಾದಕಿ ಹೊಲಗಿ ಅಂತ ಗೊತ್ತಾಗಲಿ."

ಯಾರಿಗೆ ಕೊಡುವುದು? ನಮ್ಮ ಕೇರಿಯ ಹುಡುಗಿಯೊಬ್ಬಳು ತಾಲ್ಲೂಕಿನ ಹಾಸ್ಟೆಲಿನಲ್ಲಿ ಇದ್ದಾಳೆ. ಅಲ್ಲಿ ಆ ವರ್ಷ ಸೇರಿದ ಮಕ್ಕಳಿಗೆ ಡಿಸೆಂಬರ್ ಬಂದರೂ ಹೊದಿಕೆ ಬಂದಿಲ್ಲ, ತನ್ನ ಪಕ್ಕದ ಕಾಟಿನ ಹುಡುಗಿ ದುಪಟ್ಟಾ ಹೊದ್ದು ಮಲಗುತ್ತಾಳೆ ಅಂತ ಆಕೆ ಹೇಳಿದಳು. ಆ ಹುಡುಗಿ ತಾಂಡಾದವಳು, ತಂದೆ ತಾಯಿ ಕಬ್ಬು ಕಡಿಯಲು ಹೋದವರು. ನಾನೂ ಚಿಗವ್ವನೂ ಕೌದಿ ಒಯ್ದೆವು. ಫೋಟೋ ತೆಗೆಯಲಿಲ್ಲ. ವಹಿ ಇರಲಿಲ್ಲ. ಚಿಗವ್ವ ಮಡಚಿದ ಕೌದಿಯನ್ನು ಎರಡೂ ಕೈಯಲ್ಲಿ ಕೊಟ್ಟಳು. ಹುಡುಗಿ ಎರಡೂ ಕೈಯಲ್ಲಿ ತಗೊಂಡು ಮೂಸಿ ನೋಡಿದಳು.

"ಯಾವಾಗ ವಾಪಸ್ ಕೊಡಬೇಕ್ರೀ ಅಕ್ಕಾರ?" ಅಂದಳು.

ನಾನು ಕವಿ, ನನಗೆ ಮಾತು ಹೊಳೆಯಲಿಲ್ಲ. ಚಿಗವ್ವ ಅಂದಳು: "ವಾಪಸ್ ಬ್ಯಾಡ ತಂಗಿ. ಹರದಾಗ ಒಗೀಬ್ಯಾಡ. ಮ್ಯಾಲ ನಿಂದೊಂದು ಸೀರಿ ಹಾಸಿ ಮತ್ತ ಹೊಲಿ. ಆಮ್ಯಾಲ ಯಾರಿಗರ ಥಂಡಿ ಹತ್ತಿದ್ರ ಕೊಡು."

ಇಲ್ಲಿಗೆ ನಿಲ್ಲಿಸಿದರೆ ಕತೆ ಚೆನ್ನಾಗಿ ಮುಗಿಯುತ್ತದೆ. ಆದರೆ ಆ ಖೋಲಿಯಲ್ಲಿ ಇನ್ನೂ ಹನ್ನೊಂದು ಕಾಟುಗಳಿದ್ದವು. ಒಂದು ಕೌದಿ ಕೊಟ್ಟು ಬಂದವರಿಗೆ ನಿದ್ದೆ ಚೆನ್ನಾಗಿ ಬರುತ್ತದೆ, ದಾನದ ಗುಣವೇ ಅದು. ಹಾಸ್ಟೆಲಿನ ಹೊದಿಕೆ ದಾನವಲ್ಲ, ಆ ಮಕ್ಕಳ ಹಕ್ಕು. ನಾನು ಅಲ್ಲೇ ಕೂತು ಅರ್ಜಿ ಬರೆದೆ. ಹನ್ನೆರಡು ಹುಡುಗಿಯರೂ ಸಹಿ ಮಾಡಿದರು. ಚಿಗವ್ವ ಹೆಬ್ಬೆಟ್ಟು ಒತ್ತಿದಳು. ತಿಂಗಳಾಯಿತು, ಎರಡು ಸಲ ಹೋಗಿ ಬಂದೆವು, ಹತ್ತು ಹೊದಿಕೆ ಬಂದವು. ಎರಡು ಇನ್ನೂ ಬರಬೇಕಿತ್ತು. ಮೂರನೆಯ ಸಲ ಹೋದಾಗ ಅವೂ ಬಂದವು. ಸೂಜಿಗೂ ಪೆನ್ನಿಗೂ ವೈರ ಇಲ್ಲ ಅಂತ ನಾನು ಕಲಿತದ್ದು ಹೀಗೆ, ತಡವಾಗಿ.

ಊರ ಶಾಲೆಗಳಲ್ಲಿ ಕಲಿಸುವ ಗೆಳೆಯರಿಗೆ, ಕಾಲೇಜಿನ ತಮ್ಮ ತಂಗಿಯರಿಗೆ ಒಂದು ಮಾತು. ನಿಮ್ಮ ಮನೆಯ ಅಟ್ಟದ ಮೇಲೂ ಸತ್ತ ಆಯಿಯೊಬ್ಬಳ ಅರ್ಧ ಕೌದಿ ಇದ್ದೀತು. ತೆಗೆದು ಬಿಸಿಲಿಗೆ ಹಾಕಿರಿ. ಅದರ ತುಂಡುಗಳನ್ನು ಓದಿರಿ, ಯಾವುದು ಕೊಟ್ಟದ್ದು, ಯಾವುದು ಎಸೆದದ್ದು ಅಂತ ಮನೆಯವರನ್ನು ಕೇಳಿರಿ. ಹೊಲಿಯಲು ಬಾರದಿದ್ದರೆ ಬರುವವರ ಪಕ್ಕ ಕೂತು ಒಂದು ಸಾಲು ಹಾಕಿರಿ. ಗಂಡಸರೂ ಹಾಕಿರಿ, ಸೂಜಿಗೆ ಅದೊಂದು ಭೇದ ಯಾಕೆ? ಮುಗಿದ ಮೇಲೆ ಕೈಯಿಂದ ಕೈಗೆ ಕೊಡಿರಿ.

ನಮ್ಮ ಕಟ್ಟೆಯ ಮೇಲೆ ಈಗ ಇನ್ನೊಂದು ಕೌದಿ ಹಾಸಿದೆ. ಇದು ಮಾರುವುದು. ಮೊನ್ನೆ ಪಟ್ಟಣದಿಂದ ಒಬ್ಬರು ಬಂದು ಚೌಕಾಸಿ ಮಾಡಿದರು. ಚಿಗವ್ವ ರೇಟು ಇಳಿಸಲಿಲ್ಲ.